ಹುಡುಗನ ಅಪ್ಪನಿಗೆ ನಮ್ಮ ಕಮಿಷನ್ ವಿಷಯ ಹೇಳಬೇಕಾ? ಸೋಮವಾರ ಬರುತ್ತಾರೆ

ವಿದ್ಯಾನಗರ ಕೌನ್ಸೆಲರ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ವಿದೇಶದ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವ ಒಂದು ಆಫೀಸಿನಲ್ಲಿ ಮೂರು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಆಫೀಸಿನ ಹೆಸರು ಬೇಡ. ಈ ಕೆಲಸ ಗೊತ್ತಿರುವವರು ಇಲ್ಲಿ ಇದ್ದಾರೆ ಅಂತ ನಂಬಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಕಳೆದ ಗುರುವಾರ ನವಲಗುಂದ ಕಡೆಯ ಒಬ್ಬ ರೈತರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಮೆಕ್ಯಾನಿಕಲ್, ವಿಟಿಯು, 8.1 ಸಿಜಿಪಿಎ. ಒಂದೂ ಬ್ಯಾಕ್ ಇಲ್ಲ. ಐಇಎಲ್‌ಟಿಎಸ್‌ನಲ್ಲಿ 7 ಬಂದಿದೆ. ಜರ್ಮನಿಯಲ್ಲಿ ಎಂಎಸ್ ಮಾಡಬೇಕು ಅಂತ ಆಸೆ. ಅಪ್ಪನ ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್ ಇತ್ತು. ಮಾರ್ಕ್ಸ್ ಕಾರ್ಡ್ ಇರಬೇಕು ಅಂದುಕೊಂಡೆ. ತೆಗೆದರೆ ಹೊಲದ ಉತಾರ. ಮಡಿಕೆ ಹರಿದ ಕಡೆ ಟೇಪ್ ಹಚ್ಚಿದ್ದರು. ಮೂರು ಎಕರೆ ಎರೆ ಹೊಲ. "ಮೇಡಂ, ಇದನ್ನ ಕೊಟ್ಟರ ಎಷ್ಟು ಬರ್ತದ ನೋಡ್ರಿ, ಅದರಾಗ ಆಗೋ ಕಾಲೇಜ್ ನೀವ ಹೇಳ್ರಿ. ನಮಗೇನ್ ತಿಳೀತದ" ಅಂದರು.

ಆ ಹುಡುಗನ ಅಂಕಕ್ಕೆ ಅಲ್ಲಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಬಹುತೇಕ ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ ಈಗ ಶುಲ್ಕ ತೆಗೆದುಕೊಳ್ಳುತ್ತದೆ. ಹೊಲ ಮಾರುವ ಮಾತೇ ಬೇಡ. ನಾನು ಅದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಸರ್ ಒಳಗೆ ಕರೆದರು.

ಬರ್ಲಿನ್‌ನ ಒಂದು ಖಾಸಗಿ ಯೂನಿವರ್ಸಿಟಿಯ ಹೆಸರು ಹೇಳಿ, ಇದಕ್ಕೆ ಹಾಕಿ ಅಂದರು. ವರ್ಷಕ್ಕೆ 12,000 ಯೂರೋ ಆಸುಪಾಸು ಫೀಸು. ಮೊದಲ ವರ್ಷದ ಫೀಸಿನಲ್ಲಿ ನೂರಕ್ಕೆ 20 ಕಮಿಷನ್. ಅದರಲ್ಲಿ ಮೇಲಿನ ದೊಡ್ಡ ಏಜೆಂಟ್ ತನ್ನ ಪಾಲು ಹಿಡಿದು ಉಳಿದದ್ದು ನಮಗೆ ಕೊಡುತ್ತಾನೆ. ಸರ್ಕಾರಿ ಯೂನಿವರ್ಸಿಟಿಗೆ ಕಳಿಸಿದರೆ ಒಂದು ರೂಪಾಯಿ ಇಲ್ಲ. "ಅಲ್ಲಿ ಸೀಟು ಸಿಗೋದು ಕಷ್ಟ, ಒಂದು ವರ್ಷ ಹಾಳಾಗುತ್ತೆ ಅಂತ ಹೇಳಿ. ಈ ಆಫೀಸಿನ ಬಾಡಿಗೆ ಯಾರು ಕಟ್ಟಬೇಕು?" ಅಂದರು. ಸರ್ ಕೆಟ್ಟವರಲ್ಲ. ನಮ್ಮ ಅಮ್ಮನ ಆಪರೇಷನ್‌ಗೆ ಕೇಳದೆಯೇ ದುಡ್ಡು ಕೊಟ್ಟವರು. ಆದರೆ ಅವರು ಹೇಳಿದ್ದು ಸುಳ್ಳು, ಅದು ಸುಳ್ಳು ಅಂತ ನನಗೆ ಗೊತ್ತು.

ನಾನೂ ಶುದ್ಧಳಲ್ಲ. ಸೇರಿದ ಒಂದೊಂದು ವಿದ್ಯಾರ್ಥಿಗೆ ನನಗೆ 6,000 ರೂಪಾಯಿ ಇನ್ಸೆಂಟಿವ್. ಹೋದ ವರ್ಷ ಗದಗಿನ ಒಬ್ಬ ಹುಡುಗಿಯನ್ನು ಇದೇ ತರಹ ಒಂದು ಖಾಸಗಿ ಕಾಲೇಜಿಗೆ ಕಳಿಸಿದೆ. ಅವಳಿಗೆ ಬೇರೆ ದಾರಿ ಇತ್ತು. ಹೇಳಲಿಲ್ಲ. ಈಗ ಅವಳು ರಾತ್ರಿ ಗೋಡೌನ್‌ನಲ್ಲಿ ಪಾರ್ಸೆಲ್ ಜೋಡಿಸುತ್ತಾಳೆ, ಹಗಲು ಕ್ಲಾಸು. ಹಬ್ಬಕ್ಕೆ ಮೆಸೇಜ್ ಮಾಡಿ "ಥ್ಯಾಂಕ್ಸ್ ಅಕ್ಕ, ನಿಮ್ಮಿಂದ ಇಲ್ಲಿಗೆ ಬಂದೆ" ಅಂತ ಬರೆದಿದ್ದಳು. ಆ ಮೆಸೇಜಿಗೆ ಇವತ್ತಿಗೂ ನಾನು ಉತ್ತರ ಬರೆದಿಲ್ಲ.

ನನ್ನ ಪ್ರಶ್ನೆ ಇಷ್ಟು. ನಮ್ಮಂಥ ಏಜೆಂಟರಿಗೆ ಅಂತ ಬರೆದಿಟ್ಟ ನಿಯಮ ಎಲ್ಲಾದರೂ ಇದೆಯಾ? ಸರ್ ಮುಂದೆ ಇಟ್ಟು ಮಾತಾಡುವಂಥದ್ದು ಬೇಕು. ಸುಮ್ನೆ "ಇದು ತಪ್ಪು ಸರ್" ಅಂದರೆ ನಡೆಯುವುದಿಲ್ಲ. ಕಮಿಷನ್ ಬರುತ್ತದೆ ಅಂತ ಆ ಅಪ್ಪನಿಗೆ ನಾನು ಹೇಳಬೇಕಾ? ಸೋಮವಾರ ಹನ್ನೊಂದಕ್ಕೆ ಮತ್ತೆ ಬರುತ್ತಾರೆ.

ಜಯನಗರ, 14 ವರ್ಷ

ಹೇಳಬೇಕು ಮೇಡಂ. ಕಾಲೇಜಿನ ಹೆಸರು ಬಾಯಿಗೆ ಬರುವ ಮೊದಲೇ ಹೇಳಬೇಕು.

ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಸ್ವಂತ ಆಫೀಸು. ನೀವು ಕೇಳಿದ ಬರೆದಿಟ್ಟ ನಿಯಮ ಇದೆ. 2012ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ನಾಲ್ಕೂ ಸೇರಿ ಏಜೆಂಟರಿಗೆ ಏಳು ತತ್ವ ಒಪ್ಪಿಕೊಂಡವು. ಲಂಡನ್ ಸ್ಟೇಟ್‌ಮೆಂಟ್ ಅಂತ ಕರೆಯುತ್ತಾರೆ. ಅದರಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ. ಏಜೆಂಟನ ಲಾಭ ಒಂದು ಕಡೆ, ವಿದ್ಯಾರ್ಥಿಯ ಹಿತ ಇನ್ನೊಂದು ಕಡೆ ಎಳೆಯುವಂತಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಅದರಲ್ಲೂ ಕಾಲೇಜಿನಿಂದಲೂ ವಿದ್ಯಾರ್ಥಿಯಿಂದಲೂ ಎರಡೂ ಕಡೆ ದುಡ್ಡು ತೆಗೆದುಕೊಳ್ಳುವಾಗ ಹೇಳಲೇಬೇಕು. ಜರ್ಮನಿ ಅದಕ್ಕೆ ಸಹಿ ಹಾಕಿಲ್ಲ, ನಿಜ. ಆದರೆ ನಿಮ್ಮ ಆಫೀಸು ಬ್ರಿಟನ್‌ಗೂ ಆಸ್ಟ್ರೇಲಿಯಾಗೂ ಮಕ್ಕಳನ್ನು ಕಳಿಸುತ್ತದೆ ಅಲ್ವಾ? ಲಂಡನ್‌ಗೆ ಹೋಗುವ ಹುಡುಗನಿಗೆ ಒಂದು ನ್ಯಾಯ, ಬರ್ಲಿನ್‌ಗೆ ಹೋಗುವವನಿಗೆ ಇನ್ನೊಂದು ನ್ಯಾಯ ಇಡಲು ಆಗುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಸರ್‌ಗೆ ಹೇಳಿ. ಅಮೆರಿಕದಲ್ಲಿ ತಮ್ಮ ಸ್ವಂತ ದೇಶದ ಮಕ್ಕಳನ್ನು ಸೇರಿಸಿಕೊಳ್ಳಲು ತಲೆಗೆ ಇಷ್ಟು ಅಂತ ಕಮಿಷನ್ ಕೊಡುವಂತಿಲ್ಲ. ಸರ್ಕಾರಿ ಸಹಾಯಧನ ಪಡೆಯುವ ಕಾಲೇಜುಗಳಿಗೆ 1992ರಿಂದ ಈ ಕಟ್ಟು. ಹಾಗೆ ದುಡ್ಡು ಕೊಟ್ಟರೆ ಮಕ್ಕಳಿಗೆ ತಪ್ಪು ಕಾಲೇಜು ತೋರಿಸುತ್ತಾರೆ ಅಂತಲೇ ಆ ಕಾನೂನು ಬಂದದ್ದು. ಆದರೆ ಸಹಾಯಧನಕ್ಕೆ ಅರ್ಹರಲ್ಲದ, ಹೊರದೇಶದಲ್ಲಿರುವ ವಿದ್ಯಾರ್ಥಿಗಳಿಗೆ ಅದರಲ್ಲಿ ವಿನಾಯಿತಿ ಇಟ್ಟರು. ಅಂದರೆ ಅವರ ಮಕ್ಕಳಿಗೆ ಬೇಡವಾದದ್ದು ನಮ್ಮ ಮಕ್ಕಳಿಗೆ ನಡೆಯುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿನ ಅಡ್ಮಿಷನ್ ಕೌನ್ಸೆಲರ್‌ಗಳ ಸಂಘ, ನ್ಯಾಕ್ಯಾಕ್, ಇದರ ಮೇಲೆ ವರ್ಷಗಟ್ಟಲೆ ಜಗಳ ಆಡಿತು. ಕೊನೆಗೆ 2013ರಲ್ಲಿ ಹೊರದೇಶದ ಏಜೆಂಟರಿಗೆ ಕಮಿಷನ್ ಕೊಡಬಹುದು, ಆದರೆ ಹೊಣೆಗಾರಿಕೆ ಇರಬೇಕು, ಎಲ್ಲ ತೆರೆದಿಟ್ಟು ಮಾಡಬೇಕು ಅಂತ ನಿಯಮ ಸಡಿಲ ಮಾಡಿತು.

ನಮ್ಮ ದೇಶದ ಸ್ಥಿತಿ ಹೇಳುತ್ತೇನೆ. ಗಲ್ಫ್‌ಗೆ ಕೆಲಸಕ್ಕೆ ಜನ ಕಳಿಸುವವನಿಗೆ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಬೇಕು. ಕಾಲೇಜಿಗೆ ಕಳಿಸುವ ನಾವು ಆ ಕಾಯ್ದೆಯೊಳಗೆ ಬರುವುದೇ ಇಲ್ಲ. ಹಾಗಾಗಿ ನಮ್ಮ ಕೈಯನ್ನು ನಾವೇ ಕಟ್ಟಿಕೊಳ್ಳಬೇಕು.

ನಾನು ಹೇಗೆ ಮಾಡಿದೆ ಅಂದರೆ, ಜರ್ಮನಿಯ ಸರ್ಕಾರಿ ಯೂನಿವರ್ಸಿಟಿ ಫೈಲುಗಳಿಗೆ ವಿದ್ಯಾರ್ಥಿಯಿಂದಲೇ ಒಂದು ನಿಗದಿತ ಫೀಸು ತೆಗೆದುಕೊಳ್ಳುತ್ತೇನೆ. ಮೊದಲೇ ಹೇಳಿ, ರಸೀದಿ ಕೊಟ್ಟು. ಕಮಿಷನ್ ಬರುವ ಕಾಲೇಜಿಗೆ ಹೋದರೆ ವಿದ್ಯಾರ್ಥಿಯಿಂದ ಏನೂ ಇಲ್ಲ, ಆದರೆ ಕಾಲೇಜು ನಮಗೆ ಕೊಡುತ್ತದೆ ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಮೊದಲ ವರ್ಷ ಆದಾಯ ಬಿತ್ತು. ಹೆಂಡತಿಯ ಸಂಬಳದ ಮೇಲೆ ಮನೆ ನಡೆಯಿತು. ಆಮೇಲೆ ಒಬ್ಬ ಅಪ್ಪ ಇನ್ನೊಬ್ಬ ಅಪ್ಪನಿಗೆ ಹೇಳಿ, ಜಾಹೀರಾತು ಇಲ್ಲದೆಯೇ ಜನ ಬರಲು ಶುರು ಮಾಡಿದರು. ನಿಮ್ಮ ಸರ್‌ಗೆ ಬಾಡಿಗೆಯ ಚಿಂತೆ ಇದ್ದರೆ ಇದನ್ನು ಹೇಳಿ.

ಮಾಗ್ಡೆಬರ್ಗ್ ಹುಡುಗ

ಅಕ್ಕ, ನಾನು ಧಾರವಾಡದವನು. ಇಲ್ಲಿ ಜರ್ಮನಿಯಲ್ಲಿ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷದ ಮಾಸ್ಟರ್ಸ್. ನನಗೂ ನಮ್ಮ ಊರಿನ ಒಬ್ಬ ಏಜೆಂಟ್ "ಪಬ್ಲಿಕ್‌ನಲ್ಲಿ ಚಾನ್ಸ್ ಇಲ್ಲ" ಅಂದಿದ್ದರು. ನನ್ನ ಸಿಜಿಪಿಎ 7.6. ನಿಮ್ಮ ಹುಡುಗನಿಗಿಂತ ಕಡಿಮೆ.

ಇಲ್ಲಿ ನಮ್ಮ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸಿ ನೋಡುತ್ತಾರೆ. 1 ಅಂದರೆ ತುಂಬ ಚೆನ್ನ, 4 ಅಂದರೆ ಬರೀ ಪಾಸು. ನಮ್ಮ ಕಡೆ 10ಕ್ಕೆ 4 ಪಾಸ್ ಅಂಕ ಅಂತ ಹಿಡಿದು ಲೆಕ್ಕ ಹಾಕಿದರೆ 8.1 ಸುಮಾರು 1.95 ಆಗುತ್ತದೆ. ಬಹಳ ಕೋರ್ಸುಗಳು 2.5 ಒಳಗೆ ಇದ್ದರೆ ಅರ್ಜಿ ತೆಗೆದುಕೊಳ್ಳುತ್ತವೆ. ಚಾನ್ಸ್ ಇಲ್ಲ ಅನ್ನುವ ಮಾತೇ ಇಲ್ಲ. ಮೆಕ್ಯಾನಿಕಲ್‌ಗೆ ಇಂಗ್ಲಿಷ್‌ನಲ್ಲಿ ಪಾಠ ಮಾಡುವ ಕೋರ್ಸು ಎಲ್ಲೆಲ್ಲಿ ಇವೆ ಅಂತ ಡಾಡ್ (DAAD, ಹೊರದೇಶದ ವಿದ್ಯಾರ್ಥಿಗಳಿಗೆ ಮಾಹಿತಿ ಕೊಡುವ ಜರ್ಮನಿಯ ಸಂಸ್ಥೆ) ವೆಬ್‌ಸೈಟಿನಲ್ಲಿ ಹುಡುಕಿದರೆ ಪುಕ್ಕಟೆಯಾಗಿ ಸಿಗುತ್ತದೆ. ನಾನು ಒಂದು ಭಾನುವಾರ ಕೂತು 11 ಕೋರ್ಸು ಬರೆದುಕೊಂಡೆ, 7ಕ್ಕೆ ಅರ್ಜಿ ಹಾಕಿದೆ, 2 ಕಡೆ ಸಿಕ್ಕಿತು.

ಅಪ್ಪನಿಗೆ ತೋರಿಸಲು ಖರ್ಚಿನ ಲೆಕ್ಕ ಬೇಕಲ್ವಾ. ಎಪಿಎಸ್ ಸರ್ಟಿಫಿಕೇಟ್, ಅಂದರೆ ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಅದಕ್ಕೆ 18,000 ರೂಪಾಯಿ. 2022ರ ನವೆಂಬರ್‌ನಿಂದ ನಮ್ಮ ದೇಶದವರಿಗೆ ಇದು ಕಡ್ಡಾಯ, ಇದಿಲ್ಲದೆ ವೀಸಾ ಇಲ್ಲ. ಯೂನಿ-ಅಸಿಸ್ಟ್ ಅಂತ ಬಹಳ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆ ಇದೆ, ಅದರ ಮೂಲಕ ಹಾಕುವ ಅರ್ಜಿಗೆ ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಯೂನಿವರ್ಸಿಟಿಗೆ ಸೆಮಿಸ್ಟರ್ ಶುಲ್ಕ ಅಂತ ಸ್ವಲ್ಪ ಇರುತ್ತದೆ, ಬಹಳ ಕಡೆ ಅದರಲ್ಲೇ ಬಸ್ಸು ಟ್ರಾಮಿನ ಪಾಸೂ ಸೇರಿರುತ್ತದೆ. ದೊಡ್ಡದು ಬ್ಲಾಕ್ಡ್ ಅಕೌಂಟ್, ಅಂದರೆ ವೀಸಾಕ್ಕೆ ಅಂತ ಒಂದು ವರ್ಷದ ಖರ್ಚನ್ನು ಮೊದಲೇ ಇಡುವ ಖಾತೆ. ನಾನು ಕಟ್ಟಿದ್ದು 11,904 ಯೂರೋ. ಇಲ್ಲಿ ಮುಖ್ಯವಾದ ಮಾತು: ಅದು ಫೀಸಲ್ಲ. ಅದು ಹುಡುಗನದೇ ದುಡ್ಡು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ಅಂತ ಅವನ ಖಾತೆಗೇ ಬರುತ್ತದೆ. ನಮ್ಮ ಏಜೆಂಟ್ ಇದನ್ನೂ ಫೀಸಿನ ಜತೆ ಸೇರಿಸಿ ಹೇಳಿದ್ದರು. ಅಪ್ಪ ಹೆದರಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಖಾಸಗಿ ಯೂನಿವರ್ಸಿಟಿ ಎಲ್ಲಾ ಮೋಸ ಅಂತ ನಾನು ಹೇಳುವುದಿಲ್ಲ. ಸರ್ಕಾರದ ಮಾನ್ಯತೆ ಇರುವವು ಎಷ್ಟೋ ಇವೆ. ನನ್ನ ರೂಮ್‌ಮೇಟ್‌ನ ಗೆಳೆಯ ಒಂದರಲ್ಲಿ ಓದಿ ಒಳ್ಳೆಯ ಕೆಲಸದಲ್ಲಿದ್ದಾನೆ. ಅವನ ಅಪ್ಪ ಎರಡೂ ಲೆಕ್ಕ ನೋಡಿ ಆಮೇಲೆ ಒಪ್ಪಿದವರು.

ಚಳಿಗಾಲದ ಸೆಮಿಸ್ಟರ್‌ಗೆ ಬಹಳ ಕಡೆ ಜುಲೈ 15 ಕೊನೆ ದಿನ, ಕೆಲವು ಕಡೆ ಅದಕ್ಕಿಂತ ಎಷ್ಟೋ ಮೊದಲು. ವಿಟಿಯು ಟ್ರಾನ್ಸ್‌ಕ್ರಿಪ್ಟ್‌ಗೆ ಇವತ್ತೇ ಹಾಕಿಸಿ ಅಕ್ಕ.

ದಾವಣಗೆರೆ ಅಪ್ಪ

ನಾನು ಈ ಕೆಲಸದವನಲ್ಲ. ಕಿರಾಣಿ ಅಂಗಡಿ ಇದೆ. ನನ್ನ ಮಗಳ ವಿಷಯ ಹೇಳುತ್ತೇನೆ ಮೇಡಂ, ನೀವು ಇನ್ನೊಬ್ಬ ಅಪ್ಪನ ಮುಂದೆ ಕೂರುವವರು ಅಂತ.

2022ರಲ್ಲಿ ಕೆನಡಾಗೆ ಅಂತ ಒಬ್ಬರ ಹತ್ತಿರ ಹೋದೆವು. ಹೆಸರು ಬೇಡ. ಕಾಗದ ಪತ್ರ ಎಲ್ಲಾ ಕೊಟ್ಟೆವು. "ನೀವು ಆರಾಮಾಗಿರಿ, ಎಲ್ಲಾ ನಾವು ನೋಡಿಕೊಳ್ಳುತ್ತೇವೆ" ಅಂದರು. ವೀಸಾ ಅರ್ಜಿ ಅವರೇ ಹಾಕಿದರು, ಅವರ ಇಮೇಲ್‌ನಲ್ಲೇ. ಪಾಸ್‌ವರ್ಡ್ ನಮಗೆ ಕೊಡಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ. ನನ್ನ ಖಾತೆಯಲ್ಲಿ ಅವರು ಹೇಳಿದಷ್ಟು ದುಡ್ಡು ಇರಲಿಲ್ಲ, ಸಾಲ ಮಂಜೂರಾಗಲಿ ಆಮೇಲೆ ಹಾಕೋಣ ಅಂತ ನಾನು ಹೇಳಿದ್ದೆ. ಅವರು ಕಾಯಲಿಲ್ಲ. ನನ್ನ ಹೆಸರಿನಲ್ಲಿ ಬೇರೆ ಯಾವುದೋ ಬ್ಯಾಂಕಿನ ಸ್ಟೇಟ್‌ಮೆಂಟ್ ಮಾಡಿ ಹಾಕಿದ್ದರು. ಆ ಬ್ಯಾಂಕಿನ ಬಾಗಿಲನ್ನೇ ನಾನು ತುಳಿದವನಲ್ಲ.

ಅಲ್ಲಿನವರು ಪರಿಶೀಲನೆ ಮಾಡಿ ಕಾಗದ ಸುಳ್ಳು ಅಂತ ಕಂಡುಹಿಡಿದರು. ವೀಸಾ ಹೋಯಿತು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಅಂತ ಮಗಳ ಮೇಲೆ 5 ವರ್ಷದ ನಿಷೇಧ ಬಂತು. ಮಾಡಿದವರ ಮೇಲೆ ಅಲ್ಲ, ಅವಳ ಮೇಲೆ. ಅರ್ಜಿಯ ಕೆಳಗೆ ಅವಳ ಹೆಸರಿದೆ ಅಂತ. ಅವಳು ಮೂರು ತಿಂಗಳು ಅಂಗಡಿಗೆ ಬಂದು ಗಲ್ಲಾ ಪಕ್ಕ ಸುಮ್ಮನೆ ಕೂರುತ್ತಿದ್ದಳು, ಗಿರಾಕಿ ಬಂದರೆ ಒಳಗೆ ಹೋಗುತ್ತಿದ್ದಳು.

ಅದೇ ಸುಮಾರಿಗೆ ಪಂಜಾಬಿನ ಮಕ್ಕಳ ಸುದ್ದಿ ಟಿವಿಯಲ್ಲಿ ಬಂತು. ಜಲಂಧರ್‌ನ ಒಬ್ಬ ಏಜೆಂಟ್ ಕಾಲೇಜಿನ ನಕಲಿ ಪ್ರವೇಶ ಪತ್ರ ಕೊಟ್ಟು ಮಕ್ಕಳನ್ನು ಕೆನಡಾಗೆ ಕಳಿಸಿದ್ದ. ಅಲ್ಲಿಗೆ ಹೋಗಿ ಎಷ್ಟೋ ಕಾಲ ಆದ ಮೇಲೆ ಗೊತ್ತಾಯಿತು. 2023ರಲ್ಲಿ ಆ ಮಕ್ಕಳು ಬೀದಿಯಲ್ಲಿ ಕೂತು ಪ್ರತಿಭಟನೆ ಮಾಡಿದರು. ಅದಾದ ಮೇಲೆ, ಆ ವರ್ಷದ ಡಿಸೆಂಬರ್ 1ರಿಂದ, ಒಂದೊಂದು ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ಖಾತ್ರಿ ಮಾಡಿಕೊಳ್ಳುವ ಪದ್ಧತಿ ಕೆನಡಾ ತಂದಿತು.

ಮಗಳು ಈಗ ಮೈಸೂರಿನಲ್ಲಿ ಎಂಬಿಎ ಮುಗಿಸಿ ಕೆಲಸದಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ನೀವು ಆ ರೈತರಿಗೆ ಸತ್ಯ ಹೇಳಿ ಮೇಡಂ. ನಮಗೆ ಇಂಗ್ಲಿಷ್ ಬರುವುದಿಲ್ಲ ಅಷ್ಟೇ, ಲೆಕ್ಕ ಬರುತ್ತದೆ.

ಮೆಲ್ಬರ್ನ್ ಕನ್ನಡತಿ

ನಾನು ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಏಜೆಂಟರ ಒಪ್ಪಂದಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿದ್ದೇನೆ. ಮೇಜಿನ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಆಸ್ಟ್ರೇಲಿಯಾದಲ್ಲಿ ಇದು ಬರೀ ಸಲಹೆ ಅಲ್ಲ, ಕಾನೂನು. ಹೊರದೇಶದ ವಿದ್ಯಾರ್ಥಿಗಳ ಹಿತ ಕಾಯಲು ಮಾಡಿದ 2000ದ ಇಸಾಸ್ (ESOS) ಕಾಯ್ದೆ, ಅದರ ಕೆಳಗೆ 2018ರ ನ್ಯಾಷನಲ್ ಕೋಡ್. ಅದರ ನಾಲ್ಕನೇ ಮಾನದಂಡ ಪೂರ್ತಿ ಏಜೆಂಟರ ಬಗ್ಗೆ. ಏಜೆಂಟ್ ಜತೆ ಬರಹದಲ್ಲಿ ಒಪ್ಪಂದ ಇರಬೇಕು. ತನ್ನ ಸ್ವಂತ ಲಾಭ ಅಡ್ಡ ಬರುವ ಕಡೆ ಏಜೆಂಟ್ ಅದನ್ನು ಬರೆದು ತಿಳಿಸಬೇಕು. ಪ್ರಾಮಾಣಿಕವಾಗಿ, ವಿದ್ಯಾರ್ಥಿಯ ಹಿತ ನೋಡಿ ನಡೆಯಬೇಕು. ತಪ್ಪಿದರೆ ಯೂನಿವರ್ಸಿಟಿ ಕ್ರಮ ತೆಗೆದುಕೊಳ್ಳಲೇಬೇಕು, ಬೇಕಾದರೆ ಒಪ್ಪಂದ ಮುರಿಯಬೇಕು. ಯಾವ ಯಾವ ಏಜೆಂಟ್ ನಮ್ಮವರು ಅಂತ ಯೂನಿವರ್ಸಿಟಿ ತನ್ನ ವೆಬ್‌ಸೈಟಿನಲ್ಲಿ ಪಟ್ಟಿ ಹಾಕಬೇಕು. ಬ್ರಿಟನ್‌ನಲ್ಲೂ ಏಜೆಂಟ್ ಕ್ವಾಲಿಟಿ ಫ್ರೇಮ್‌ವರ್ಕ್ ಅಂತ ಇದೆ, ಅಲ್ಲಿನ ಯೂನಿವರ್ಸಿಟಿಗಳ ಸಂಘ ಮತ್ತು ಬ್ರಿಟಿಷ್ ಕೌನ್ಸಿಲ್ ಕೂಡಿ ಮಾಡಿದ್ದು. ನಮ್ಮ ದೇಶದಲ್ಲೇ ಆಸ್ಟ್ರೇಲಿಯಾಗೆ ಕಳಿಸುವ ಏಜೆಂಟರ ಸಂಘ ಆಯೆರಿ 1996ರಿಂದ ಇದೆ, ಅವರಿಗೂ ನೀತಿ ಸಂಹಿತೆ ಇದೆ.

ಈಗ ನಿಜವಾದ ತೂತು ಎಲ್ಲಿದೆ ಹೇಳುತ್ತೇನೆ. ನೀವು ಬರೆದ "ಮೇಲಿನ ದೊಡ್ಡ ಏಜೆಂಟ್" ಅನ್ನುವ ಮಾತಿನಲ್ಲಿ. ನಮ್ಮ ಒಪ್ಪಂದ ಇರುವುದು ಆ ದೊಡ್ಡವರ ಜತೆ. ಅವರ ಕೆಳಗೆ ಎಷ್ಟು ಸಬ್-ಏಜೆಂಟ್ ಇದ್ದಾರೆ, ವಿದ್ಯಾನಗರದ ಆ ಕೋಣೆಯಲ್ಲಿ ಯಾರು ಕೂತು ಏನು ಹೇಳಿದರು, ನಮ್ಮ ಕಂಪ್ಯೂಟರ್‌ನಲ್ಲಿ ಕಾಣುವುದಿಲ್ಲ. ನಮಗೆ ಕಾಣುವುದು ಹುಡುಗನ ಹೆಸರು, ದೊಡ್ಡ ಏಜೆಂಟ್‌ನ ಹೆಸರು, ಅಷ್ಟೇ. ಹೋದ ವರ್ಷ ಒಬ್ಬ ಹುಡುಗ ನನ್ನ ಮುಂದೆ ಕೂತು, ಅವನಿಗೆ ಹೇಳಿದ್ದ ಕೋರ್ಸೇ ಬೇರೆ ಅಂತ ಅತ್ತ. ಹೇಳಿದವರು ಯಾರು ಅಂತ ಹುಡುಕಲು ನನಗೆ ಐದು ವಾರ ಹಿಡಿಯಿತು. ಸಿಕ್ಕಾಗ ಆ ಆಫೀಸಿಗೆ ಬೀಗ ಬಿದ್ದಿತ್ತು.

ಹಾಗಾಗಿ ನಿಮ್ಮ ಸರ್ ಹತ್ತಿರ ಒಂದು ಮಾತು ಕೇಳಿ. ದೊಡ್ಡ ಏಜೆಂಟ್ ಜತೆ ನಿಮ್ಮ ಆಫೀಸಿನ ಒಪ್ಪಂದ ಬರಹದಲ್ಲಿ ಇದೆಯಾ? ನಿಮ್ಮ ಹೆಸರನ್ನು ಅವರು ಯೂನಿವರ್ಸಿಟಿಗೆ ತಿಳಿಸಿದ್ದಾರಾ? ಇಲ್ಲ ಅಂದರೆ ನಾಳೆ ತೊಂದರೆ ಆದಾಗ ದೊಡ್ಡವರು ಕೈ ತೊಳೆದುಕೊಳ್ಳುತ್ತಾರೆ. ಆ ಅಪ್ಪ ಬಂದು ನಿಲ್ಲುವುದು ನಿಮ್ಮ ಬಾಗಿಲಿಗೇ. ಅವರು ನಿಮಗೆ ಫೀಸು ಕೊಟ್ಟಿದ್ದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ವಿದ್ಯಾನಗರ ಕೌನ್ಸೆಲರ್, ಹುಬ್ಬಳ್ಳಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ದಾವಣಗೆರೆ ಅಣ್ಣ, ನಿಮ್ಮ ಮಗಳ ವಿಷಯವನ್ನು ಶನಿವಾರ ಸರ್‌ಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿದರು. ಅವರಿಗೂ ಪಿಯುಸಿ ಓದುವ ಮಗಳಿದ್ದಾಳೆ. ಒಪ್ಪಂದದ ವಿಷಯ ಕೇಳಿದೆ. ಬರಹದಲ್ಲಿ ಏನೂ ಇಲ್ಲವಂತೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕಮಿಷನ್ ಪಟ್ಟಿ ಒಂದಿದೆ ಅಷ್ಟೇ.

ಸೋಮವಾರ ಅವರು ಹತ್ತೂವರೆಗೇ ಬಂದು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆದು ಎರಡೂ ಲೆಕ್ಕ ಬರೆದೆ, ಕನ್ನಡದಲ್ಲಿ. ಎಡಕ್ಕೆ ಸರ್ಕಾರಿ, ಬಲಕ್ಕೆ ಖಾಸಗಿ. ಬ್ಲಾಕ್ಡ್ ಅಕೌಂಟ್ ಮಗನದೇ ದುಡ್ಡು ಅಂತ ಎರಡೂ ಕಡೆ ಕೆಳಗೆ ಬೇರೆಯಾಗಿ ಬರೆದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬಲಗಡೆ ಮುಗಿದ ಮೇಲೆ ತಲೆ ಎತ್ತಿ "ಇದರಾಗ ನಿಮಗೇನ್ ಸಿಗತದ್ರಿ?" ಅಂತ ಕೇಳಿದರು. ನಾನು ಹೇಳುವ ಮೊದಲೇ ಕೇಳಿಬಿಟ್ಟರು. ಆಫೀಸಿಗೆ ಇಷ್ಟು, ನನಗೆ 6,000, ಎಡಗಡೆ ಆದರೆ ಕಾಲೇಜಿನಿಂದ ಏನೂ ಇಲ್ಲ, ನೀವು ಕೊಡುವ ಫೀಸು ಮಾತ್ರ ಅಂದೆ. ಅವರು ಸಿಟ್ಟಾಗಲಿಲ್ಲ. "ಎಪಿಎಂಸಿಯಾಗ ದಲಾಲರು ಪಟ್ಟಿ ಮ್ಯಾಲೆ ಬರದ ಕೊಡ್ತಾರ. ಹಂಗ ಬರದ ಕೊಟ್ಟರ ಆತು" ಅಂದರು. ಉತಾರವನ್ನು ಮಡಚಿ ಕವರಿನೊಳಗೆ ಇಟ್ಟುಕೊಂಡರು.

ಈ ಒಂದು ಫೈಲಿಗೆ 25,000 ರೂಪಾಯಿ ಫೀಸು ಅಂತ ಸರ್ ಒಪ್ಪಿದ್ದಾರೆ, ಎರಡು ಕಂತಿನಲ್ಲಿ. ಬೇರೆ ಫೈಲುಗಳಿಗೂ ಹೀಗೇ ಮಾಡೋಣ ಅಂದದ್ದಕ್ಕೆ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಟ್ರಾನ್ಸ್‌ಕ್ರಿಪ್ಟ್‌ಗೆ ಹಾಕಿಸಿದೆವು. ಗದಗಿನ ಹುಡುಗಿಗೆ ನಿನ್ನೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ ಅವಳು. ಆಮೇಲೆ "ಮುಂದಿನ ವಾರ ಮಾಡ್ತೀನಿ ಅಕ್ಕ" ಅಂತ ಇಟ್ಟಳು.

ಎಲ್ಲ ಅಪ್ಪ ಅಮ್ಮಂದಿರಿಗೂ ಮೊದಲ ದಿನವೇ ಕೊಡಲು ಒಂದು ಚೀಟಿ ಬರೆದಿದ್ದೇನೆ. ಸರ್ ಒಪ್ಪಿದರೆ ಪ್ರಿಂಟ್ ಹಾಕಿಸುತ್ತೇನೆ. ನೋಡಿ, ಏನಾದರೂ ಬಿಟ್ಟಿದ್ದರೆ ಹೇಳಿ:

"ಕೆಲವು ಕಾಲೇಜುಗಳು ನಿಮ್ಮ ಮಗ ಅಥವಾ ಮಗಳು ಸೇರಿದರೆ ನಮಗೆ ದುಡ್ಡು ಕೊಡುತ್ತವೆ. ಕೆಲವು ಕೊಡುವುದಿಲ್ಲ. ಯಾವುದು ಕೊಡುತ್ತದೆ, ಎಷ್ಟು ಅಂತ ಕೇಳಿ, ಬರೆದು ಕೊಡುತ್ತೇವೆ. ನಮಗೆ ದುಡ್ಡು ಕೊಡದ ಕಾಲೇಜು ನಿಮಗೆ ಒಳ್ಳೆಯದಾದರೆ ಅದನ್ನೂ ಹೇಳುತ್ತೇವೆ. ನಾವು ತೆಗೆದುಕೊಳ್ಳುವ ಎಲ್ಲ ಹಣಕ್ಕೂ ರಸೀದಿ ಕೊಡುತ್ತೇವೆ. ನಿಮಗೆ ತೋರಿಸದೆ, ನಿಮ್ಮ ಭಾಷೆಯಲ್ಲಿ ಓದಿ ಹೇಳದೆ ಯಾವ ಅರ್ಜಿಯನ್ನೂ ಹಾಕುವುದಿಲ್ಲ."

ದಾವಣಗೆರೆ ಅಪ್ಪ

ಒಂದು ಸೇರಿಸಿ ಮೇಡಂ. ಇಮೇಲ್ ಮಕ್ಕಳದೇ ಇರಬೇಕು, ಪಾಸ್‌ವರ್ಡ್ ಅವರ ಹತ್ತಿರವೇ ಇರಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.